ಅತ್ತೆಗಾಗಿ ಕುಳ್ಳಾದ ಕಾರು

ಕಾರನ್ನು ಕುಳ್ಳಗೆ ಮಾಡಿಸುವ ಯೋಚನೆ ಸಂಪೂರ್ಣ ನನ್ನದೇ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ಕ್ಷೇಮ. ಇಲ್ಲದಿದ್ದರೆ ನನ್ನ ಹೆಂಡತಿ ಪದ್ಮ ಹೇಳುತ್ತಾಳೆ. ಅವಳು ಹೇಳಿದರೆ ಇನ್ನೂ ಉದ್ದವಾಗುತ್ತದೆ!

ಸೇರು ಹೋಗಿ ಕಿಲೋ ಬಂದ ಹೊಸತು. ಚನ್ನರಾಯಪಟ್ಟಣದಲ್ಲಿ ನನ್ನದು ಕೊಬ್ಬರಿ ಮಂಡಿ. ಆ ವರ್ಷ ಎರಡು ಘನಕಾರ್ಯ ಮಾಡಿದ್ದೆ. ಹೊಸ ಮನೆ ಕಟ್ಟಿಸಿದ್ದೆ. ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೆಯ ಕಾರೊಂದನ್ನು ಕೊಂಡಿದ್ದೆ. ಹೊಸ ಮನೆಯನ್ನು ಊರೆಲ್ಲ ಬಂದು ನೋಡಿತ್ತು. ನೋಡದೆ ಉಳಿದವರು ಅರಕಲಗೂಡಿನಲ್ಲಿದ್ದ ನನ್ನ ಅತ್ತೆಯವರು ಒಬ್ಬರೇ. ನನಗೆ ಮಂಡಿ ಇದ್ದದ್ದು ಪೇಟೆಯಲ್ಲಿ. ಅವರಿಗೆ ಮಂಡಿ ನೋಯುತ್ತಿದ್ದದ್ದು ಕಾಲಿನಲ್ಲಿ!

ಗೃಹಪ್ರವೇಶಕ್ಕೆ ಕರೆತರಲು ಕಾರು ತೆಗೆದುಕೊಂಡೇ ಹೋಗಿದ್ದೆವು. ಅತ್ತೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕಾದಿದ್ದರು. ಆದರೆ ಕಾಲು ಮೇಲೇಳಲಿಲ್ಲ. ನಾನು ಹಿಂದಿನಿಂದ, ಪದ್ಮ ಮುಂದಿನಿಂದ, ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ.

"ಅಳಿಯಂದ್ರೇ, ಇದು ಕಾರಲ್ಲ, ಅಂಬಾರಿ. ನನ್ ಕಾಲು ಅಷ್ಟೆತ್ರ ಬರಾಕಿಲ್ಲ, ಬುಡಿ" ಎಂದು ನಕ್ಕು, ಒಳಗೆ ಹೋಗಿ ಗಂಟು ಬಿಚ್ಚಿದರು. ನಗುತ್ತಲೇ ಬಿಚ್ಚಿದರು. ಅದನ್ನು ನೋಡಿದ ಪದ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡುವ ಹೆಂಡತಿ ಸುಮ್ಮನಾದರೆ ಗಂಡನಿಗೆ ಬುದ್ಧಿ ಓಡತೊಡಗುತ್ತದೆ. ನನಗೂ ಓಡಿತು. ದಾರಿ ಬಿಟ್ಟು ಓಡಿತು!

ಅತ್ತೆ ಮೇಲಕ್ಕೆ ಹತ್ತಲಾರರು. ಸರಿ, ಕಾರೇ ಕೆಳಗಿಳಿಯಲಿ!

ಹಿಂದಿನ ಚಕ್ರಗಳ ಬಳಿ, ಎಡಕ್ಕೊಂದು ಬಲಕ್ಕೊಂದು, ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನುಗಳು ಇರುತ್ತವೆ. ಕಾರಿನ ಹಿಂದಿನ ಭಾರವನ್ನೆಲ್ಲ ಹೊರುವುದು ಅವೇ. ಅವುಗಳ ಬಾಗು ತೆಗೆದರೆ ಕಾರು ತಾನಾಗಿ ಕೂರುತ್ತದೆ. ನಮ್ಮೂರಿನ ಕುಲುಮೆಯ ವೀರಾಚಾರಿಯನ್ನು ಕರೆಸಿ, ಎರಡನ್ನೂ ಬಿಚ್ಚಿಸಿ, ಬಡಿಸಿ ನೇರ ಮಾಡಿಸಿದೆ. ತಿರುಗಿ ಜೋಡಿಸುವಾಗ ಆಚಾರಿ ತಲೆ ಕೆರೆದುಕೊಂಡ.

"ಸಾ, ನಡುವಿನ ಬೋಲ್ಟಿಂದ ಇದು ಒಂದ್ ಕಡೀಕೆ ಗಿಡ್ಡ, ಒಂದ್ ಕಡೀಕೆ ಉದ್ದ ಇದ್ದಂಗೈತೆ. ಯಾವ್ದು ಮುಂದ್ಕೆ?"

"ಬಿಲ್ಲಿಗೆ ಹಿಂದು ಮುಂದು ಇರುತ್ತೇನಯ್ಯಾ? ಹಾಕು ಸುಮ್ಮನೆ!" ಎಂದೆ.

ಹಾಕಿದ. ಕಾರಿನ ಹಿಂಭಾಗ ಗೇಣುದ್ದ ಕೆಳಗಿಳಿದು, ಇಡೀ ಕಾರು ಅನ್ನಕ್ಕೆ ಕಾದು ಕುಳಿತ ನಾಯಿಯಂತೆ ಕಂಡಿತು. ನಾನು ಹಿಗ್ಗಿದೆ. ಪದ್ಮಳೂ ಎರಡು ಸಲ ಹತ್ತಿ ಇಳಿದು, "ಪರವಾಗಿಲ್ಲ ಕಣ್ರೀ!" ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಬಂದ ಎರಡನೆಯ ಹೊಗಳಿಕೆ ಅದು. ಮೊದಲನೆಯದು ನೆನಪಿಲ್ಲ.

ಮರುದಿನ ರಸ್ತೆಗಿಳಿಸಿದೆ. ಸ್ಟೀರಿಂಗ್ ನೇರ ಹಿಡಿದರೆ ಕಾರು ಹೊಲಕ್ಕೆ ಹೊರಟಿತು. ಒಂದು ಕಡೆಗೆ ತಿರುಗಿಸಿಯೇ ಹಿಡಿದರೆ ಮಾತ್ರ ರಸ್ತೆಯ ಮೇಲೆ ಉಳಿಯುತ್ತಿತ್ತು, ಅದೂ ಏಡಿಯ ಹಾಗೆ ಅಡ್ಡಡ್ಡವಾಗಿ. ಎದುರಿಗೆ ಬಂದ ಗಾಡಿಯವನು ಎತ್ತುಗಳನ್ನು ನಿಲ್ಲಿಸಿ, ಇಳಿದು ನನ್ನನ್ನೇ ಕೇಳಿದ:

"ಯಾವ್ ಕಡೀಕ್ ಓಯ್ತಾ ಇದ್ದೀರಾ ಸಾ? ಮೂತಿ ಅತ್ಲಾಗೈತೆ, ಅಂಡು ಇತ್ಲಾಗೈತೆ! ನಾ ಯಾವ್ದುಕ್ ದಾರಿ ಬುಡ್ಲಿ?"

ನಾನು ಎರಡೂ ಕಡೆಗೆ ಕೈ ತೋರಿಸಿದೆ.

ಹಿಂದಿನ ಚಕ್ರಗಳು ಸೊಟ್ಟಗಾಗಿವೆ ಎಂಬುದು ಖಚಿತವಾಯಿತು. ಅವನ್ನು ನೇರ ಮಾಡುವ ಸಾಮಾನು ತರಲು ಹಾಸನಕ್ಕೆ ಬಸ್ಸು ಹತ್ತಿದೆ. ಅಂಗಡಿಯವನು ಕನ್ನಡಕ ಹಾಕಿದ ಗಂಭೀರ ಮನುಷ್ಯ. ನಾನು ವಿಷಯ ಹೇಳಿದ ಮೇಲೆ ಮೇಜಿನ ಮೇಲೆ ಬೋಲ್ಟುಗಳು, ಪ್ಲೇಟುಗಳು, ಬೆಣೆಯಂಥ ಕಬ್ಬಿಣದ ತುಂಡುಗಳು, ಎಲ್ಲವನ್ನೂ ಹರಡಿದ.

"ಚಕ್ರದಿಂದ ಚಕ್ರಕ್ಕೆ ನೂಲು ಹಿಡಿದು ನೋಡಿದ್ರಾ ಸ್ವಾಮಿ? ಎಷ್ಟು ವ್ಯತ್ಯಾಸ ಇದೆ?"

"ಮೂರು."

"ಮೂರು ಅಂಗುಲವೇ?!"

"ಅಲ್ಲ, ಮೂರು ಸಲ ನೋಡಿದೆ. ಬರಿಗಣ್ಣಲ್ಲಿ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅಳತೆ ಇಲ್ಲದೆ ಯಾವ ಸಾಮಾನು ಅಂತ ಕೊಡಲಿ? ಮೊದಲು ಅಳೆದುಕೊಂಡು ಬನ್ನಿ" ಎಂದ.

ಇಪ್ಪತ್ತು ವರ್ಷ ಕೊಬ್ಬರಿ ಆರಿಸಿದ ಕೈ ನನ್ನದು. ನನಗೆ ಅಳತೆ ಹೇಳುತ್ತಾನೆಯೇ! "ನಾನೇ ಆರಿಸುತ್ತೇನೆ" ಎಂದು ಒಂದೊಂದೇ ಬೋಲ್ಟನ್ನು ಎತ್ತಿಕೊಂಡು, ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕೈಗೆ ಅದೊಂದೇ ಪರೀಕ್ಷೆ ಗೊತ್ತಿತ್ತು.

ಅಂಗಡಿಯವನು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಹೇಳಿದ: "ಅದರಲ್ಲಿ ನೀರಿಲ್ಲ, ಸ್ವಾಮಿ."

ಮಾನ ಉಳಿಸಿಕೊಳ್ಳಲು ಎಲ್ಲದರಲ್ಲೂ ಎರಡೆರಡು ಕೊಂಡೆ. ಹೊಳೆಯುವುದನ್ನೇ ನೋಡಿ ಕೊಂಡೆ. ಚೀಲ ಎಷ್ಟು ಭಾರವಾಗಿತ್ತೆಂದರೆ ಬಸ್ಸಿನ ಕಂಡಕ್ಟರು ಅದಕ್ಕೂ ಟಿಕೆಟ್ ಕೊಡಲು ಬಂದ!

ವೀರಾಚಾರಿ ಬೆಣೆಗಳನ್ನು ಹೊಡೆದ, ಬೋಲ್ಟು ಬದಲಿಸಿದ, ಪ್ಲೇಟು ಕೂರಿಸಿದ. ಮೊದಲು ಕಾರು ಎಡಕ್ಕೆ ನೋಡುತ್ತಿತ್ತು. ಈಗ ಇನ್ನೂ ಗಮನವಿಟ್ಟು ಎಡಕ್ಕೆ ನೋಡತೊಡಗಿತು.

ಅಷ್ಟರಲ್ಲಿ ಪದ್ಮ ತಾಯಿಗೆ ಕಾಗದ ಹಾಕಿಬಿಟ್ಟಿದ್ದಳು: ಶುಕ್ರವಾರ ಬರುತ್ತೇವೆ, ಸಂಜೆಯ ಊಟ ನಮ್ಮ ಹೊಸ ಮನೆಯಲ್ಲೇ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅತ್ತೆ ಆ ನೇಮವನ್ನು ಒಂದು ದಿನವೂ ತಪ್ಪಿಸಿದವರಲ್ಲ. "ಅವ್ವನ ಎಲೆ ಹಗಲಲ್ಲೇ ಬೀಳಬೇಕು" ಎಂದು ಪದ್ಮ ಕಟ್ಟುನಿಟ್ಟಾಗಿ ಹೇಳಿದಳು.

ಶುಕ್ರವಾರ ನಸುಕಿನಲ್ಲೇ ಹೊರಟೆವು. ಹೊಳೆನರಸೀಪುರದ ಪೇಟೆಯಲ್ಲಿ ನಾವು ಅಡ್ಡಡ್ಡವಾಗಿ ಸಾಗುವುದನ್ನು ಕಂಡ ತೆಂಗಿನಕಾಯಿ ವ್ಯಾಪಾರಿಗಳು, ನಾವು ತಮ್ಮ ಅಂಗಡಿಗೇ ನುಗ್ಗುತ್ತೇವೆಂದು ಎದ್ದು ನಿಂತರು. ಪದ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು. ಅಂತೂ ಅರಕಲಗೂಡು ಮುಟ್ಟಿದೆವು.

ಅತ್ತೆ ಕೋಲೂರಿಕೊಂಡು ಕಾರನ್ನು ನಿಧಾನವಾಗಿ ಒಂದು ಸುತ್ತು ಬಂದರು. ಆಮೇಲೆ ಇನ್ನೊಂದು ಸುತ್ತು.

"ಅಳಿಯಂದ್ರೇ, ಈ ಚಕ್ರ ಯಾಕೋ ಗೂಡಿನ ಮುಂದ್ಕೈತೆ. ಆ ಕಡೇದು ಸರ್ಯಾಗಿ ಮಧ್ಯಕ್ಕೈತೆ. ಅದೂ ಅಂಗೇ ಇರ್ಬೇಕಾ?"

ಬಗ್ಗಿ ನೋಡಿದೆ. ನಿಜ! ಬಲಗಡೆಯ ಕಮಾನು ಸರಿಯಾಗಿತ್ತು. ಎಡಗಡೆಯದು ತಿರುಗುಮುರುಗು ಕೂತಿತ್ತು. ಬಿಲ್ಲಿಗೆ ಹಿಂದು ಮುಂದು ಇತ್ತು. ಇಲ್ಲದೆ ಇದ್ದದ್ದು ನನಗೆ!

ಬಸ್ ನಿಲ್ದಾಣದ ಹತ್ತಿರದ ಲಾರಿ ರಿಪೇರಿಯವನು ಬಂದು, ಕಮಾನನ್ನು ತಿರುಗಿಸಿ ಹಾಕಿ, ಹಾಸನದ ನನ್ನ ಸಾಮಾನನ್ನೆಲ್ಲ ಒಂದೊಂದಾಗಿ ತೆಗೆದು ನನ್ನ ಕೈಗೇ ಕೊಟ್ಟ. "ಇವ್ಯಾವೂ ಈ ಕಾರಿಂದಲ್ಲ ಸಾ" ಎಂದ. ಆ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು.

ಆದರೇನು? ಅತ್ತೆ ಯಾರ ಕೈಯನ್ನೂ ಹಿಡಿಯದೆ ಕಾರೊಳಗೆ ಕೂತರು. ಕೂತು ಸೀಟನ್ನು ಸವರಿದರು. ಪದ್ಮಳ ಕಣ್ಣು ತುಂಬಿತು. ಕಾರು ದಾರದಂತೆ ನೇರ ಓಡಿತು. ನಾನು ಹಾಡೊಂದನ್ನು ಗುನುಗಿದೆ. ಇನ್ನೆರಡು ಗಂಟೆ, ಬಿಸಿಲಿರುವಾಗಲೇ ಮನೆ!

ಹೊಳೆನರಸೀಪುರ ದಾಟಿ ಸ್ವಲ್ಪ ದೂರ ಹೋದರೆ, ಬೆಳಗ್ಗೆ ನಾವು ದಾಟಿದ್ದ ರಸ್ತೆಯ ಮೋರಿಯನ್ನು ಅಷ್ಟರಲ್ಲಿ ರಿಪೇರಿಗೆಂದು ಅಗೆದುಹಾಕಿದ್ದರು. ಪಕ್ಕದ ಗಾಡಿಜಾಡಿನಲ್ಲಿ ಹೋಗಬೇಕು. ಗಾಡಿಜಾಡೆಂದರೆ ಚಕ್ರಗಳಿಗೆ ಎರಡು ಹಳ್ಳ, ನಡುವೆ ದಿಬ್ಬ. ಎತ್ತರದ ಕಾರಾಗಿದ್ದರೆ ದಾಟುತ್ತಿತ್ತು. ನಮ್ಮದು ದಿಬ್ಬದ ಮೇಲೆ ಹೊಟ್ಟೆಯೂರಿ ಕೂತಿತು. ಹಿಂದಿನ ಚಕ್ರಗಳು ಹಳ್ಳದಲ್ಲಿ ಅತ್ಯಂತ ನೇರವಾಗಿ, ಬಹಳ ಚೆನ್ನಾಗಿ ತಿರುಗಿದವು. ಎಷ್ಟು ಹೊತ್ತು ತಳ್ಳಿದರೂ ಕಾರು ಮಾತ್ರ ಅಲುಗಲಿಲ್ಲ!

ಸೂರ್ಯ ತೆಂಗಿನ ಮರಗಳ ಹಿಂದಕ್ಕೆ ಜಾರುತ್ತಿದ್ದ. ಅತ್ತೆ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಗಂಟು ಬಿಚ್ಚಿ, ದಾರಿ ಬದಿಯ ಕಲ್ಲಿನ ಮೇಲೆ ಕೂತು ಚಪಾತಿ, ಚಟ್ನಿಪುಡಿ ತೆಗೆದರು. "ನೀವೂ ತಿನ್ನಿ, ಹೊತ್ತಾಯ್ತದೆ" ಎಂದು ನಮಗೂ ಕೊಟ್ಟರು. ಮೂವರೂ ಧೂಳಿನಲ್ಲಿ ಕೂತು ಗಬಗಬನೆ ನುಂಗಿದೆವು. ಹೊಸ ಮನೆಯ ಊಟ ಹಾಗಾಯಿತು.

ಹಿಂದೆ ಹಾರನ್ ಕೇಳಿತು. ಚನ್ನರಾಯಪಟ್ಟಣದ ಬಸ್ಸು! ದಾರಿಗೆ ಅಡ್ಡ ಕೂತದ್ದು ನಾವೇ. ಬಸ್ಸಿನ ಗಂಡಸರೆಲ್ಲ ಇಳಿದು, "ಐಸಾ!" ಎನ್ನುತ್ತಾ ಕಾರನ್ನು ಎತ್ತಿ ದಿಬ್ಬ ದಾಟಿಸಿ ಬದಿಗಿಟ್ಟರು. ಅದರ ಸೈಲೆನ್ಸರ್ ಮಾತ್ರ ದಿಬ್ಬದ ಮೇಲೇ ಉಳಿಯಿತು. ಕಂಡಕ್ಟರು ಅತ್ತೆಯ ಕೋಲನ್ನು ನೋಡಿದ. ಬಸ್ಸಿನೊಳಗಿಂದ ಒಂದು ಮರದ ಪೆಟ್ಟಿಗೆ ತಂದು ಮೆಟ್ಟಿಲ ಕೆಳಗಿಟ್ಟ. "ಬನ್ನಿ ಅಜ್ಜಿ" ಎಂದ. ಅತ್ತೆ ಪೆಟ್ಟಿಗೆಯ ಮೇಲೊಂದು ಹೆಜ್ಜೆ, ಮೆಟ್ಟಿಲ ಮೇಲೊಂದು ಹೆಜ್ಜೆ ಇಟ್ಟು ಒಳಗೆ ಹೋದರು!

ಒಂದು ಪೆಟ್ಟಿಗೆ. ಅಷ್ಟೇ. ಪದ್ಮ ನನ್ನನ್ನು ನೋಡಿದಳು. ನಾನು ಸೈಲೆನ್ಸರನ್ನು ನೋಡಿದೆ. ಅವಳೂ ಬಸ್ಸು ಹತ್ತಿದಳು.

ಅತ್ತೆ ಕಿಟಕಿಯಿಂದ ತಲೆ ಹಾಕಿ ಸಮಾಧಾನ ಹೇಳಿದರು: "ಬ್ಯಾಸರ ಮಾಡ್ಕಬ್ಯಾಡಿ ಅಳಿಯಂದ್ರೇ. ಕಾರು ಬಲ್ ಚೆಂದಾಗೈತೆ. ಹತ್ತೋದೂ ಸಲೀಸು, ಇಳಿಯೋದೂ ಸಲೀಸು. ಓಗೋದೊಂದೇ ಕಷ್ಟ!"

ಬಸ್ಸು ಹೋಯಿತು. ಅತ್ತೆ ಕೂರಬೇಕಾಗಿದ್ದ ಸೀಟಿನ ಮೇಲೆ ಸೈಲೆನ್ಸರನ್ನು ಮಲಗಿಸಿಕೊಂಡು, ಊರಿಗೆಲ್ಲ ಕೇಳುವಂತೆ ಗುಡುಗುತ್ತಾ ನಿಧಾನವಾಗಿ ಮನೆ ಸೇರಿದೆ. ಬಾಗಿಲಿಗೆ ಬೀಗ. ಜಗಲಿಯ ಮೇಲೆ ಪದ್ಮ ಒಬ್ಬಳೇ ಕೂತಿದ್ದಳು. ಕೈ ಚಾಚಿದಳು. ಜೇಬು ಮುಟ್ಟಿಕೊಂಡೆ. ಮನೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು.

"ಅತ್ತೆ ಎಲ್ಲಿ?" ಎಂದೆ.

"ಪಕ್ಕದವರು ಕರೆದುಕೊಂಡು ಹೋದರು. ಆಮೇಲೆ ಅವರ ಪಕ್ಕದವರು."

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ನಗುತ್ತಾ ಬಂದರು. ಅವರು ಬೀದಿಯ ಅಷ್ಟೂ ಮನೆಗಳನ್ನು ನೋಡಿ ಮುಗಿಸಿದ್ದರು. ನಮ್ಮದೊಂದನ್ನು ಬಿಟ್ಟು!