ನಾಲ್ಕು ಹೆಜ್ಜೆ ಬಾಕಿ ಇದ್ದಾಗ ತಾವು ಕೇಳಿದ ‘ಇನ್ನೊಂದು ಸಲ’

ಪ್ರಶಸ್ತಿ ವಿಜೇತ ಸಾಕ್ಷ್ಯಚಿತ್ರ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಚೌಕದ ಮೂಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ, ಚೊಚ್ಚಲ ಬಸುರಿ ಮಗಳ ಹೆಸರನ್ನು ಎದುರಿನ ಹೆರಿಗೆ ಆಸ್ಪತ್ರೆಯಲ್ಲೇ ಬರೆಸಿದ್ದ ದರ್ಜಿಯ ಸಾವಿರ ನಮಸ್ಕಾರಗಳು. ಆ ಆಸ್ಪತ್ರೆಯನ್ನು ಮುಚ್ಚಬೇಡಿರೆಂದು ನಾವು ನಲವತ್ತು ದಿನ ಚೌಕದಲ್ಲೇ ಠಿಕಾಣಿ ಹೂಡಿದ್ದ ಧರಣಿಯ ಕುರಿತ ತಮ್ಮ ಚಿತ್ರಕ್ಕೆ ಪ್ರಶಸ್ತಿ ಬಂದಿದೆಯೆಂದು ತಿಳಿದು ಹೃದಯ ತುಂಬಿ ಬಂತು. ಹೊಟ್ಟೆ ಉರಿಯಿತು ಎಂದು ಬರೆಯುವುದು ಶಿಷ್ಟಾಚಾರವಲ್ಲವಾದ್ದರಿಂದ ಹಾಗೆ ಬರೆಯುತ್ತಿಲ್ಲ.

ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾನು ಹೊಲಿದ ಬ್ಯಾನರ್ ತೀರಾ ಹೊಸದಾಗಿ ಕಾಣುತ್ತದೆಂದು ಅದನ್ನು ಮಣ್ಣಲ್ಲಿ ಹೊರಳಾಡಿಸಿದಿರಿ. ನನ್ನ ಅತ್ತಿಗೆಯ ಘೋಷಣೆಯಲ್ಲಿ ಸಿಟ್ಟು ಸಾಲದೆಂದು ಏಳು ಸಲ ಕೂಗಿಸಿದಿರಿ. ಏಳನೆಯ ಸಲ ಆಕೆಗೆ ನಿಜವಾಗಿಯೂ ಸಿಟ್ಟು ಬಂತು, ಆದರೆ ಅದು ಸರ್ಕಾರದ ಮೇಲಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎಂದು ತಾವು ನಮ್ಮನ್ನು ಎಷ್ಟು ಪಳಗಿಸಿದ್ದಿರೆಂದರೆ, ಭಾಷಣ ಮಾಡಿದವರೂ ಮುಗಿಸಿದ ಮೇಲೆ ಜನರನ್ನು ಬಿಟ್ಟು, ಸರಿಹೋಯಿತೇ ಎಂದು ತಮ್ಮ ಮುಖ ನೋಡುತ್ತಿದ್ದರು.

ನಲವತ್ತನೆಯ ದಿನ ಆರೋಗ್ಯ ಇಲಾಖೆಯ ಸಾಹೇಬರು, ಆಸ್ಪತ್ರೆ ಮುಚ್ಚುವುದಿಲ್ಲವೆಂಬ ಆದೇಶವನ್ನು ಕೈಯಲ್ಲಿ ಹಿಡಿದು, ಕಾರಿನಿಂದ ಇಳಿದು, ಅದನ್ನು ಅತ್ತಿಗೆಯ ಕೈಗೆ ಕೊಡಲು ಇನ್ನು ನಾಲ್ಕೇ ಹೆಜ್ಜೆ ಇರುವಾಗ, ಬೆಳಕು ಸರಿಯಿಲ್ಲ, ದಯವಿಟ್ಟು ಮತ್ತೊಮ್ಮೆ ಇಳಿದು ಬನ್ನಿ ಎಂದು ತಾವು ಕೈಮುಗಿದು ವಿನಂತಿಸಿದಿರಿ. ಪಾಪ, ಅವರು ಸಜ್ಜನರು, ಹಿಂದಿರುಗಿ ಕಾರಿನಲ್ಲಿ ಕೂತರು. ನಾವು ಮಹಾ ಬುದ್ಧಿವಂತರು, ನಾವೇ ದಾರಿ ಬಿಟ್ಟುಕೊಟ್ಟೆವು. ಅಷ್ಟರಲ್ಲಿ ಅವರಿಗೊಂದು ಫೋನ್ ಬಂತು, ಆದೇಶವನ್ನೂ ಹೊತ್ತು ಕಾರು ಹೊರಟೇಬಿಟ್ಟಿತು. ಆಮೇಲೆ ಮೋಡ ಸರಿದು ಬೆಳಕೇನೋ ಚೆನ್ನಾಗಿಯೇ ಬಂತು, ಸಾಹೇಬರು ಮಾತ್ರ ಇವತ್ತಿಗೂ ಇಳಿದಿಲ್ಲ. ಆಸ್ಪತ್ರೆಗೆ ಬೀಗ ಬಿದ್ದು ನಾಲ್ಕು ತಿಂಗಳಾಯಿತು.

ತಮ್ಮ ಚಿತ್ರ ಸಾಹೇಬರು ಕಾಗದ ಹಿಡಿದು ನಡೆದು ಬರುವಲ್ಲಿಗೇ ಮುಗಿಯುತ್ತದಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರಂತೆ. ಆದ್ದರಿಂದ ಒಂದು ನಮ್ರ ಬೇಡಿಕೆ: ತಮ್ಮ ಸಂಕಲನದ ಕೋಣೆಯಲ್ಲಿ ಅವರನ್ನು ಇನ್ನು ನಾಲ್ಕು ಹೆಜ್ಜೆ ನಡೆಸಿ, ಆ ಕಾಗದವನ್ನು ಅತ್ತಿಗೆಗೆ ಕೊಡಿಸಿ, ಮೊಹರಿನ ಸಮೇತ ನಮಗೆ ಅಂಚೆಯಲ್ಲಿ ಕಳಿಸಿಕೊಡಬೇಕು. ಅದಾಗದಿದ್ದರೆ ಸಾಹೇಬರನ್ನು ಹುಡುಕಿ, ದಯವಿಟ್ಟು ಮತ್ತೊಮ್ಮೆ ಇಳಿಯಿರಿ ಎಂದು ತಾವೇ ಕೇಳಬೇಕು. ತಾವು ಹೇಳಿದರೆ ಅವರು ಹೋಗುತ್ತಾರೆಂಬುದನ್ನು ಕಣ್ಣಾರೆ ಕಂಡಿದ್ದೇವೆ, ಬರುತ್ತಾರೋ ಅದನ್ನೂ ನೋಡೋಣ.

ಇಂತು, ಚಪ್ಪಾಳೆಯಲ್ಲಿ ಪಾಲು ಕೇಳದ
ತಮ್ಮ ವಿಶ್ವಾಸಿ,
ಬ್ಯಾನರ್ ಹೊಲಿದ ದರ್ಜಿ

ವಿ.ಸೂ.: ಚಿತ್ರ ಪ್ರದರ್ಶನಕ್ಕೆ ಮನೆಮಂದಿಯೆಲ್ಲ ಬರಬೇಕೆಂದು ಕರೆದಿದ್ದೀರಿ, ಸಂತೋಷ. ಮಗಳಿಗೆ ಅದೇ ವಾರ ದಿನ ತುಂಬುತ್ತದೆ, ಇನ್ನೊಂದು ಹೆರಿಗೆ ಆಸ್ಪತ್ರೆಗೆ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅಕಸ್ಮಾತ್ ತಾವೂ ಕ್ಯಾಮೆರಾ ಹಿಡಿದು ಅದೇ ಬಸ್ಸು ಹತ್ತಿದರೆ, ಬೆಳಕು ಹೇಗೇ ಇರಲಿ, ಅವಳನ್ನು ಮಾತ್ರ ಇನ್ನೊಂದು ಸಲ ಎಂದು ಕೇಳಬೇಡಿ.