ನಾನು ನೋಡಿದ್ದ ಸಮುದ್ರ

ಸುಳ್ಳು ಹೇಳುವುದು ಬೇರೆ, ಸುಮ್ಮನಿರುವುದು ಬೇರೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಆಗ ನಾನು ಕೊಪ್ಪಳದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನಿಜಾಮರ ಕಾಲ, ಪುಸ್ತಕ ಉರ್ದುವಿನಲ್ಲಿ, ಅರ್ಥ ಮಾತ್ರ ಕನ್ನಡದಲ್ಲಿ. ನೀಲಿ ಸೀಮೆಸುಣ್ಣ ಸಿಕ್ಕ ದಿನ ಹಲಗೆಯ ಮೇಲೆ ಅರಬ್ಬೀ ಸಮುದ್ರ ಬಿಡಿಸಿ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಇಷ್ಟು ಮಾತಾಡುವವನು ನೋಡದೆ ಇರುತ್ತಾನೆಯೇ ಎಂದು ಊರು ತಾನಾಗಿಯೇ ತೀರ್ಮಾನಿಸಿತು. ಊರಿನ ತೀರ್ಮಾನಕ್ಕೆ ನಾನು ಅಡ್ಡ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ನೀಲವ್ವ ಕೇಳಿದಾಗ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ "ನೋಡೇನಿ" ಎಂದುಬಿಟ್ಟೆ. ಆ ಒಂದು ಮಾತಿಗೆ ಅವಳು ಹನ್ನೆರಡು ವರ್ಷ ಪ್ರಶ್ನೆ ಕೇಳಿದಳು, ನಾನು ಹನ್ನೆರಡು ವರ್ಷ ಉತ್ತರ ಕೊಟ್ಟೆ. ಮುಂಜಾನೆ ಯಾವ ಬಣ್ಣ, ಸಂಜೆಗೆ ಯಾವ ಬಣ್ಣ, ಮೀನು ದಂಡೆಗೆ ಬಂದು ಇಣುಕುತ್ತದೋ ಇಲ್ಲವೋ, ಎಲ್ಲವನ್ನೂ ಹೇಳಿದ್ದೆ.

ಹೀಗೆ ನೆಮ್ಮದಿಯಾಗಿದ್ದವನ ಮನೆ ಬಾಗಿಲಿಗೆ ಒಂದು ಬೇಸಿಗೆಯ ಕೊನೆಯಲ್ಲಿ ಸಂಗಣ್ಣ ಮೋಟಾರು ತಂದು ನಿಲ್ಲಿಸಿದ. ಸಂಗಣ್ಣ ನನ್ನ ಬಾಲ್ಯದ ಗೆಳೆಯ, ಗಂಗಾವತಿಯ ಅಕ್ಕಿ ವ್ಯಾಪಾರಿ. ಯಾರೋ ಬಳಸಿ ಬೇಸತ್ತ ಮೋಟಾರನ್ನು ಕೊಂಡು, ಭತ್ತದ ಕಣದಲ್ಲಿ ಎಂಟು ದಿನ ಸುತ್ತಿ ನಡೆಸುವುದನ್ನು ಕಲಿತಿದ್ದ. ಬಲಕ್ಕೆ ಚೆನ್ನಾಗಿ ತಿರುಗಿಸುತ್ತಿದ್ದ. ತಾಯಿ ಬಸವ್ವನವರನ್ನು ಕರೆದುಕೊಂಡು ಬಂದು ಕೊಪ್ಪಳದ ಬೀಗರ ಮನೆಯಲ್ಲಿ ಇಳಿದಿದ್ದ.

"ಮಾಸ್ತರ, ಮಳಿ ಬರೂದ್ರಾಗ ಸಮುದ್ರದ ದಂಡಿ ಹಿಡದು ಹೋಗಿ ಬರೂಣ್ರಿ. ಕಾರವಾರದಿಂದ ಹೊನ್ನಾವರದ ತನಕ. ನಾನು, ನಮ್ಮವ್ವ, ನೀವು, ನಿಮ್ಮ ಮನಿಯವರು. ದಾರಿ ತೋರ್ಸಾಕ ನೀವ ಅದೀರಿ, ನಮಗೇನ ಚಿಂತಿ?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಒಳಗಿನಿಂದ ಬಂದು, "ಯಾವತ್ತು ಹೊರಡೂದು ಅಣ್ಣಾರ?" ಎಂದಳು.

ಮರುದಿನದಿಂದ ನಮ್ಮ ಪಡಸಾಲೆಯಲ್ಲಿ ಶಾಲೆಯ ನಕ್ಷೆ ಹರವಿಕೊಂಡಿತು. ಸಂಗಣ್ಣ ಬೆರಳನ್ನು ಕಾರವಾರದಿಂದ ಕೆಳಗೆ ಎಳೆಯುತ್ತಾ ಒಂದು ನೀಲಿ ಗೆರೆಯ ಮೇಲೆ ನಿಲ್ಲಿಸಿದ.

"ಈ ಹೊಳಿಗೆ ಸೇತುವಿ ಐತೇನ್ರಿ?"

"ಲಕ್ಷ್ಯ ಕೊಡಲಿಲ್ಲಪಾ. ನಾ ಆಗ ನಡಕೊಂಡು ಹೋಗಿದ್ದೆ."

"ಹೊಳಿ ಮ್ಯಾಲ?"

ನನಗೆ ಕೆಮ್ಮು ಬಂತು. ಅಷ್ಟರಲ್ಲಿ ಬಸವ್ವನವರು, "ಸಮುದ್ರದ ಊರಾಗ ಬಾವಿ ನೀರೂ ಉಪ್ಪ ಇರತಾವೇನಪಾ ಮಾಸ್ತರ?" ಎಂದು ಕೇಳಿದರು. ಎಚ್ಚರಿಕೆಗಿರಲಿ ಎಂದು ಹೌದು ಎಂದೆ. ಕೂಡಲೇ ಸಾಮಾನಿಗೆ ನಾಲ್ಕು ಕೊಡ ನೀರು ಸೇರಿತು. ಮೋಟಾರಿನಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಒಂದನ್ನು ನಾನು ತೊಡೆಯ ಮೇಲೆ ಇಟ್ಟುಕೊಳ್ಳಬೇಕೆಂದು ನಿಶ್ಚಯವಾಯಿತು. ನಿಜಾಮರ ಗಡಿ ದಾಟುವಾಗ ಸುಂಕದ ಕಟ್ಟೆಯವರು ರೊಟ್ಟಿಗೂ ಸುಂಕ ಕೇಳುತ್ತಾರೆಯೇ ಎಂಬ ಚರ್ಚೆಗೆ ಒಂದು ಮಧ್ಯಾಹ್ನ ಹೋಯಿತು. ಎಲ್ಲ ಪ್ರಶ್ನೆಯೂ ಕೊನೆಗೆ ನನ್ನ ಮುಖ ನೋಡುತ್ತಿತ್ತು.

ಹೊರಡಲು ಎರಡು ದಿನ ಉಳಿದಾಗ ನನ್ನ ಧೈರ್ಯ ಉಡುಗಿತು. ದಂಡೆಯ ಮೇಲೆ ನಿಂತು ನಾನೇ ಬಾಯಿ ತೆರೆದು ನೋಡಿದರೆ ಇವರೆಲ್ಲ ಏನೆಂದುಕೊಳ್ಳುತ್ತಾರೆ? ಗಂಭೀರವಾಗಿ ಆಕಾಶ ನೋಡಿ, ಈ ವರ್ಷ ಆ ಕಡೆ ಮಳೆ ಬೇಗ ಹಿಡಿಯುತ್ತದೆ, ಘಟ್ಟದಲ್ಲಿ ಮೋಟಾರು ಜಾರುತ್ತದೆ ಎಂದು ಸಾರಿದೆ. ಭೂಗೋಳದ ಮಾಸ್ತರನಿಗೆ ಎದುರಾಡುವವರು ಯಾರು? "ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಎಂದು ಸಂಗಣ್ಣ ತಲೆ ತಗ್ಗಿಸಿ ಹೋದ.

ನೀಲವ್ವ ಒಳಗೆ ಕೂತು ಕಟ್ಟಿದ ಗಂಟು ಬಿಚ್ಚುತ್ತಿದ್ದಳು. ಅದರಲ್ಲಿ ಅವಳ ಮದುವೆಯ ಸೀರೆ ಇತ್ತು.

"ಇದನ್ನ್ಯಾಕ ಇಟಗೊಂಡಿದ್ದಿ?" ಎಂದೆ.

"ಸಮುದ್ರಕ್ಕ ಉಡಿ ತುಂಬಬೇಕಂತ ಮಾಡಿದ್ದೆ. ಅಷ್ಟು ದೊಡ್ಡ ಗಂಗವ್ವನ ಮುಂದ ಹಳೀ ಸೀರಿ ಉಟಗೊಂಡು ನಿಂದ್ರಾಕ ಆಗತೈತೇನ್ರಿ?"

ಅವಳು ಸೀರೆಯನ್ನು ಮಡಚಿ ಟ್ರಂಕಿಗೆ ಇಡುವುದನ್ನು ನೋಡುತ್ತಾ ಪಕ್ಕದಲ್ಲಿ ಕೂತೆ.

"ನೀಲಾ, ನಾ ಸಮುದ್ರ ನೋಡಿಲ್ಲ."

ಅವಳು ತಲೆ ಎತ್ತಲಿಲ್ಲ. "ಗೊತ್ತೈತಿ."

"ಯಾವಾಗಿಂದ?"

"ಮದುವಿ ಆದ ವರ್ಷನ ನಿಮ್ಮವ್ವ ಹೇಳಿದ್ರು, ನನ್ನ ಮಗ ಹುಬ್ಬಳ್ಳಿ ದಾಟಿದಾವ ಅಲ್ಲ ಅಂತ."

"ಹಂಗಾರ ಇಷ್ಟು ವರ್ಷ ಯಾಕ ಕೇಳತಿದ್ದಿ?"

"ಛಲೋ ಹೇಳತಿದ್ರಿ, ಅದಕ್ಕ." ನನ್ನನ್ನು ನೋಡಿದಳು. "ಈ ಮಳಿ ಸುದ್ದೀನೂ ಹಂಗ ಏನ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ಟ್ರಂಕಿನಿಂದ ಸೀರೆ ಮತ್ತೆ ಹೊರತೆಗೆದಳು. "ಹೋಗಿ ಸಂಗಣ್ಣಾರಿಗೆ ಹೇಳಿ ಬರ್ರಿ, ಮಳಿ ಹಿಂದಕ್ಕ ಹೋಗೇತಿ ಅಂತ."

ಬೀಗರ ಮನೆಗೆ ಓಡಿದೆ. ಸಂಗಣ್ಣ ಅದನ್ನೂ ನಂಬಿದ.

ಹೊರಟೆವು. ಹುಬ್ಬಳ್ಳಿ ದಾಟಿದಾಗ ನೀಲವ್ವ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕಳು. ಘಟ್ಟದಲ್ಲಿ ಎಲ್ಲ ತಿರುವುಗಳೂ ಬಲಕ್ಕೇ ಇರಲೆಂದು ನಾನು ಬೇಡಿಕೊಂಡೆ, ಇರಲಿಲ್ಲ. ಬಸವ್ವನವರು ಸಮುದ್ರದ ವಿಚಾರ ತೆಗೆದಾಗಲೆಲ್ಲ ನೀಲವ್ವ, "ಇವರು ನೋಡಿದ್ದು ಭಾಳ ಹಿಂದರಿ ಅವ್ವಾರ, ಈಗ ಎಷ್ಟು ಬದಲಾಗೇತೋ ಏನೋ" ಎಂದು ನನ್ನನ್ನು ಕಾಯುತ್ತಿದ್ದಳು.

ಕಾರವಾರದಲ್ಲಿ ಗಾಳಿಮರಗಳ ಸಾಲು ಮುಗಿದಲ್ಲಿ ಸಂಗಣ್ಣ ಮೋಟಾರು ನಿಲ್ಲಿಸಿದ. ಎದುರಿಗೆ ಬಿಸಿಲಲ್ಲಿ ಬರೀ ನೀರು, ನೀರಿನಾಚೆಗೂ ನೀರು. ಪುಣ್ಯಕ್ಕೆ ಎಲ್ಲರ ಬಾಯಿಯೂ ತೆರೆದಿದ್ದರಿಂದ ನನ್ನದು ಯಾರ ಕಣ್ಣಿಗೂ ಬೀಳಲಿಲ್ಲ. ಮರಳಿನ ಮೇಲೆ ನಡೆದು ಹೋಗಿ ನಾವಿಬ್ಬರೂ ನಿಂತೆವು.

"ಹೆಂಗೈತಿ?" ಎಂದೆ ಮೆಲ್ಲಗೆ.

"ಛಲೋ ಐತ್ರಿ" ಎಂದಳು. ಬಹಳ ಹೊತ್ತು ನೋಡಿ, ಬೇರೆಯವರಿಗೆ ಕೇಳಿಸದಂತೆ ಹೇಳಿದಳು: "ನೀವು ಹೇಳತಿದ್ದದ್ದು ಇದಕಿಂತಾ ಒಂಚೂರು ದೊಡ್ಡದಿತ್ತು."

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಯೋಚಿಸುತ್ತಿರುವಾಗಲೇ ಒಂದು ತೆರೆ ಬಂದು ನನ್ನ ಧೋತರವನ್ನು ಮೊಣಕಾಲಿನವರೆಗೆ ತೋಯಿಸಿ ಹೋಯಿತು. ತೆರೆ ಇಷ್ಟು ಮೇಲಕ್ಕೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.