ಖಂಡೆಪ್ಪನ ಹಿತ್ತಲಿನ ಹಸಿದ ಜೀವಗಳು

ತುಕ್ಕಾನಟ್ಟಿಯ ಖಂಡೆಪ್ಪ ತನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರುಗಳಿಂದ ಬಸಿದ ಸುಟ್ಟ ಆಯಿಲನ್ನು ಹಿತ್ತಲಿಗೆ ಚೆಲ್ಲುತ್ತಿದ್ದ. ಅದು ಬೇಲಿ ದಾಟಿ ಪಕ್ಕದ ಅಲ್ಲವ್ವನ ಮೆಂತ್ಯದ ಮಡಿಯನ್ನು ಸುಟ್ಟಿತು. ಅಲ್ಲವ್ವ ದೂರು ಕೊಟ್ಟಳು. ಮಣ್ಣು ಸ್ವಚ್ಛವಾಗದಿದ್ದರೆ ಗ್ಯಾರೇಜಿಗೆ ಬೀಗ ಎಂದು ಮಾಲಿನ್ಯ ಮಂಡಳಿಯ ಸಾಹೇಬರು ಹೇಳಿ ಹೋದರು.

ಗೋಕಾಕದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ತಂಗಿ ದಾಕ್ಷಾಯಿಣಿ ಅಣ್ಣನ ಕೈಬಿಡಲಿಲ್ಲ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ತಂದು ಮಣ್ಣಿಗೆ ಬಿಟ್ಟಳು. ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡಿದ ಮೇಲೆ ಉಳಿಯುವ, ಕಾಕಂಬಿಯಂಥ ಅಂಟುನೀರನ್ನು ಉಣಿಸಿ ಅವನ್ನು ಬೆಳೆಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣಿನ ಕರಿ ಹೋಗಿ ಗರಿಕೆ ಚಿಗುರಿತು.

ಇವತ್ತು ಸಂಜೆ ತಪಾಸಣೆ. ಖಂಡೆಪ್ಪ ಬೆಳಿಗ್ಗೆಯೇ ಬೀಗರ ದಾರಿ ಕಾಯುವವನಂತೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತ.

ಬೇಲಿಯ ಮೇಲಿಂದ ಅಲ್ಲವ್ವ ಇಣುಕಿದಳು. “ತಮ್ಮಾ, ಆ ಮಣ್ಣಾಗ ಖರೇನ ಜೀವ ಅದಾವೇನೊ?”

“ಕೋಟಿಗಟ್ಲೆ ಅದಾವು, ಅಕ್ಕಾ.”

“ಅಯ್ಯ ಶಿವನ! ಅಷ್ಟಕ್ಕೂ ಊಟ?”

ಸುದ್ದಿ ಓಣಿಗೆಲ್ಲ ಹಬ್ಬಿತು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿ ಗೊತ್ತಿಲ್ಲದ ಓಣಿ ಅದು. ಫಕೀರವ್ವ ಅಂಬಲಿ ತಂದಳು. ಸಾತಪ್ಪ ಕಾಕಾ ಮಜ್ಜಿಗೆ ತಂದರು. ಖಂಡೆಪ್ಪ ಎರಡೂ ಕೈ ಚಾಚಿ, ಕಬಡ್ಡಿ ಆಡುವವನಂತೆ ಅವರನ್ನು ತಡೆದ.

“ಅವು ಇದನ್ನೆಲ್ಲ ಮುಟ್ಟಂಗಿಲ್ರಿ! ಅವಕ್ಕ ಸುಟ್ಟ ಆಯಿಲ್ ಅಷ್ಟ ಬೇಕು!”

“ಮತ್ತ ಅಲ್ಲಿ ಆಯಿಲ್ ಎಲ್ಲೈತೊ?” ಎಂದಳು ಅಲ್ಲವ್ವ.

“ಎಲ್ಲಾ ತಿಂದು ಮುಗಿಸ್ಯಾವು!” ಖಂಡೆಪ್ಪ ಎದೆಯುಬ್ಬಿಸಿದ.

ಮೂವರೂ ಮುಖ ಮುಖ ನೋಡಿಕೊಂಡರು. ತಂದದ್ದನ್ನು ವಾಪಸು ಒಯ್ಯಲು ಮನಸ್ಸಿಲ್ಲದೆ ಅಂಬಲಿ, ಮಜ್ಜಿಗೆ ಎರಡನ್ನೂ ಅವನಿಗೇ ಕುಡಿಸಿದರು. ಹೊಟ್ಟೆ ಭಾರವಾಗಿ ಖಂಡೆಪ್ಪನಿಗೆ ಕುರ್ಚಿಯಲ್ಲೇ ನಿದ್ದೆ ಹತ್ತಿತು.

ಸಾಹೇಬರ ಜೀಪಿನ ಹಾರನ್ನಿಗೆ ಎಚ್ಚರಾದಾಗ ಹಿತ್ತಲು ಮಿಂದೆದ್ದ ಎಮ್ಮೆಯ ಬೆನ್ನಿನಂತೆ ಕರ್ರಗೆ ಮಿಂಚುತ್ತಿತ್ತು. ಬೇಲಿಯ ಬಳಿ ಫಕೀರವ್ವ, ಸಾತಪ್ಪ ಕಾಕಾ ಮನೆಯಿಂದ ತಂದ ಸುಟ್ಟ ಆಯಿಲಿನ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. ಎಲ್ಲಕ್ಕಿಂತ ದೊಡ್ಡ ಡಬ್ಬಿ ಅಲ್ಲವ್ವನದು. ಮೂವರ ಮುಖದಲ್ಲೂ ಹಸಿದವರಿಗೆ ಬಡಿಸಿದ ತೃಪ್ತಿ.

“ಯಾರ್ರಿ ಇದನ್ನ ಸುರುವಿದ್ದು?” ಸಾಹೇಬರು ಗುಡುಗಿದರು.

ಖಂಡೆಪ್ಪ ಆ ಮುಖಗಳನ್ನು ನೋಡಿದ. “ನಾನ ರೀ,” ಎಂದ.

ಮಣ್ಣು ಮತ್ತೆ ಸ್ವಚ್ಛವಾಗುವವರೆಗೆ ಎಂದು ಗ್ಯಾರೇಜಿಗೆ ಬೀಗ ಬಿತ್ತು. ಜೀಪು ಹೋದ ಮೇಲೆ ಖಂಡೆಪ್ಪ ಮೆಟ್ಟಿಲ ಮೇಲೆ ಕುಸಿದ. ಅಲ್ಲವ್ವ ಬಂದು ಬಾಜೂಕ ಕುಳಿತು ಬೆನ್ನು ಸವರಿದಳು.

“ಅಳಬ್ಯಾಡೊ ತಮ್ಮಾ. ಗ್ಯಾರೇಜ್ ಬಂದ್ ಆತಂತ ಅವನ್ನ ಉಪವಾಸ ಕೆಡವತೇವೇನು? ದಿನಾ ಒಂದ್ ಮನಿ ಅಂತ ಪಾಳಿ ಹಚ್ಚೇವಿ.”